ತಣ್ಣಗಿದ್ದಾಗಲೇ ಬಂದ ಹಳದಿ

1991ರ ಮಾರ್ಚ್ 12, ಮಂಗಳವಾರ. ಆಧಾರ: ಆ ವರ್ಷದ ನನ್ನ ಕಿಸೆ ದಿನಚರಿ. ವಾರವನ್ನು ಹಳೆಯ ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ, ಸರಿಯಾಗಿದೆ. ಆ ಪುಟದಲ್ಲಿರುವುದು ಮೂರೇ ವಾಕ್ಯ: “ಪ್ಯಾಸೆಂಜರ್ ತಡ. ಭೀಮಶಾನ ಪರೀಕ್ಷೆ ಮುಗಿಸಿ ವರದಿ ಕೊಟ್ಟೆ. ಬಿಸಿಲು ಹೆಚ್ಚು.” ಒಬ್ಬ ಮನುಷ್ಯನ ಬದುಕನ್ನು ನಾನು ಕೆಡಿಸಿದ ದಿನ ಅವನಿಗೆ ನನ್ನ ದಿನಚರಿಯಲ್ಲಿ ಸಿಕ್ಕ ಜಾಗ, ಬಿಸಿಲಿಗೆ ಸಿಕ್ಕಷ್ಟೇ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕಾರ್ಖಾನೆಗಳ ಪ್ರಯೋಗಾಲಯ ಸೇರುತ್ತಿರುವ ಕಿರಿಯರು ಆಗಾಗ ಸೇಡಂನ ನನ್ನ ಮನೆಗೆ ಬರುತ್ತಾರೆ. ನನ್ನ ಪ್ರಬಂಧಗಳ ಬಗ್ಗೆ ಕೇಳುತ್ತಾರೆ. ಪ್ರಬಂಧಗಳು ಗ್ರಂಥಾಲಯದಲ್ಲಿ ಸಿಗುತ್ತವೆ. ಅಲ್ಲಿ ಸಿಗದಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಕಾರ್ಖಾನೆ ವಾಡಿಗೂ ಶಹಾಬಾದಕ್ಕೂ ನಡುವೆ ಇತ್ತು. ಈಗ ಇಲ್ಲ. ಸಿಮೆಂಟು ಮಾಡುವ ದೊಡ್ಡ ಸ್ಥಾವರವಲ್ಲ ಅದು. ಕಾಂಕ್ರೀಟಿಗೆ ಬೆರೆಸುವ ದ್ರವವನ್ನೂ ಒಂದು ಬಗೆಯ ಅಂಟನ್ನೂ ತಯಾರಿಸುವ ಸಣ್ಣ ಘಟಕ. ಎರಡಕ್ಕೂ ಮೂಲವಸ್ತು ಫಾರ್ಮಾಲ್ಡಿಹೈಡ್. ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುತ್ತಿತ್ತು. ಸಂಜೆ ಮನೆಗೆ ಹೋದರೆ ಅಂಗಿಯನ್ನು ಹೊರಗೇ ಬಿಚ್ಚಿಡಲು ನನ್ನ ತಾಯಿ ಹೇಳುತ್ತಿದ್ದಳು. ಸೇಡಂನಿಂದ ವಾಡಿಗೆ ಪ್ಯಾಸೆಂಜರ್ ಗಾಡಿ, ಅಲ್ಲಿಂದ ಜೀಪು. ನನ್ನ ಹುದ್ದೆ ಸಂಶೋಧನಾ ರಸಾಯನಜ್ಞ. ಅದರ ಜೊತೆಗೇ ಕೀಟೋನುಗಳ ಮೇಲೆ ಡಾಕ್ಟರೇಟಿನ ಪ್ರಬಂಧವನ್ನೂ ಬರೆಯುತ್ತಿದ್ದೆ. ಈ ಕೊನೆಯ ವಾಕ್ಯವನ್ನು ಓದುಗರು ದಯವಿಟ್ಟು ಗಮನದಲ್ಲಿಡಬೇಕು. ನನ್ನ ನಾಚಿಕೆಯ ಬಹುಭಾಗ ಅದರಲ್ಲಿದೆ.

ವ್ಯವಸ್ಥಾಪಕರು ಪಾಟೀಲರು, ಚಿಂಚೋಳಿ ಕಡೆಯವರು. ಅಂಟು ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡಿಯೇ ಹೇಳುತ್ತಿದ್ದರು. ನಾನು ಸ್ನಿಗ್ಧತೆ ಅಳೆಯುವ ಗಾಜಿನ ಉಪಕರಣ ತರಿಸಿದ ಹೊಸದರಲ್ಲಿ ಒಮ್ಮೆ ನಮ್ಮಿಬ್ಬರ ತೀರ್ಪು ಬೇರೆಬೇರೆಯಾಯಿತು. ಉಪಕರಣವನ್ನು ನಂಬಿ ಎಂದು ನಾನು ಹಟ ಹಿಡಿದೆ. ಇಡೀ ಕೊಪ್ಪರಿಗೆಯ ಅಂಟು ಕೆಟ್ಟಿತು. ಮಾದರಿ ಆರಿ ತಣ್ಣಗಾಗಿದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

“ಆಚಾರ್ರ, ನಿಮ್ಮ ಗಾಜಿನ ನಳಿಗಿ ಭಾಳ ಓದ್ಯಾದ,” ಎಂದರು ಪಾಟೀಲರು, ಬೆರಳು ಒರೆಸಿಕೊಳ್ಳುತ್ತ. “ಖರೇ, ಅದಕ್ಕ ಬಿಸಿ-ತಂಪು ತಿಳಿವಲ್ದು.”

ಪ್ರಯೋಗಾಲಯದ ಸಹಾಯಕ ಗಫೂರಸಾಬ ಮೂಲೆಯಲ್ಲಿ ಬೆನ್ನು ತಿರುಗಿಸಿ ನಕ್ಕರು. ನನಗಿಂತ ಹತ್ತು ವರ್ಷ ಹಿರಿಯರು, ಶಹಾಬಾದದವರು. ನಗು ಬಂದಾಗೆಲ್ಲ ಹಾಗೆ ತಿರುಗಿ ನಿಲ್ಲುವುದು ಅವರ ಮರ್ಯಾದೆಯ ರೀತಿ.

ಭೀಮಶಾ ದೊಡ್ಡ ಕೊಪ್ಪರಿಗೆಯ ಚಾಲಕ. ಕಾಗಿಣಾ ದಂಡೆಯ ಹಳ್ಳಿಯವನು. ಅವನ ಅಜ್ಜ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದನಂತೆ. ಫಾರ್ಮಾಲ್ಡಿಹೈಡ್ ಸೇರಿದಾಗ ಕೊಪ್ಪರಿಗೆ ತಾನಾಗಿಯೇ ಕಾಯುತ್ತದೆ. ಆಗ ತಣ್ಣೀರಿನ ಕವಾಟವನ್ನು ಸರಿಯಾದ ಗಳಿಗೆಯಲ್ಲಿ ತೆರೆಯದಿದ್ದರೆ ಒಳಗಿನದೆಲ್ಲ ಕಲ್ಲಾಗುತ್ತದೆ, ಇಲ್ಲವೇ ಮುಚ್ಚಳ ಹಾರುತ್ತದೆ. ಆದ್ದರಿಂದ ಕುಡಿದು ಬಂದವನಿಗೆ ಕೊಪ್ಪರಿಗೆಯ ಕೆಲಸವಿಲ್ಲ, ಅಂದೇ ಹೊರಗೆ ಎಂಬುದು ಕಾರ್ಖಾನೆಯ ಕಟ್ಟುನಿಟ್ಟು. ಭೀಮಶಾನಿಗೆ ಅದರ ಭಯವಿರಲಿಲ್ಲ. ಪಂಢರಪುರಕ್ಕೆ ನಡೆದು ಹೋಗಿ ತುಳಸಿಮಾಲೆ ಹಾಕಿಕೊಂಡವನು. ಮಾಲೆ ಹಾಕಿದವರು ಮದ್ಯ ಮಾಂಸ ಮುಟ್ಟುವುದಿಲ್ಲ. ಊರಿನ ಭಜನಾ ತಂಡದಲ್ಲಿ ತಾಳ ಅವನದೇ.

ಚಾಲಕರಿಗೆ ತಾವು ಏನನ್ನು ಕಾಯಿಸುತ್ತಿದ್ದೇವೆ ಎಂಬುದು ತಿಳಿದಿರಲಿ ಎಂದು ನಾನು ವಾರಕ್ಕೊಮ್ಮೆ ಊಟದ ನಂತರ ಪಾಠ ಹೇಳುತ್ತಿದ್ದೆ. ಪರಮಾಣುವಿನ ನಡುವೆ ಬೀಜಕೇಂದ್ರ, ಸುತ್ತ ಎಲೆಕ್ಟ್ರಾನುಗಳು. ಇಂಗಾಲಕ್ಕೆ ಒಟ್ಟು ಆರು, ಹೊರಗಿನ ಸುತ್ತಿನಲ್ಲಿ ನಾಲ್ಕು; ಆದ್ದರಿಂದ ಅದಕ್ಕೆ ನಾಲ್ಕು ಕೈ ಎಂದುಕೊಳ್ಳಿ ಎಂದೆ. ಆಮ್ಲಜನಕಕ್ಕೆ ಒಟ್ಟು ಎಂಟು, ಹೊರಗೆ ಆರು. ಎರಡು ಕೊರತೆ, ಆದ್ದರಿಂದ ಎರಡು ಕೈ. ಇಂಗಾಲ ತನ್ನ ಎರಡು ಕೈಗಳಿಂದ ಒಂದು ಆಮ್ಲಜನಕವನ್ನು ಹಿಡಿಯಿತೆನ್ನಿ. ಉಳಿದೆರಡು ಕೈಗಳಲ್ಲಿ ಒಂದಾದರೂ ಜಲಜನಕವನ್ನು ಹಿಡಿದಿದ್ದರೆ ಅದು ಆಲ್ಡಿಹೈಡ್. ಎರಡೂ ಕೈಗಳಲ್ಲಿ ಇಂಗಾಲವೇ ಇದ್ದರೆ ಕೀಟೋನ್. ಆಮ್ಲಜನಕದ ಬೀಜಕೇಂದ್ರದ ಸೆಳೆತ ಹೆಚ್ಚು. ಹಂಚಿಕೊಂಡ ಎಲೆಕ್ಟ್ರಾನುಗಳನ್ನು ಅದು ತನ್ನ ಕಡೆಗೇ ಎಳೆದುಕೊಳ್ಳುತ್ತದೆ.

“ಅಂದ್ರ ಎಡ್ಡೂ ಮಂದೀದು ಗಂಟ, ಒಬ್ಬನ ಕಡಿಗೇ ಜಗ್ಗತದ,” ಎಂದ ಭೀಮಶಾ. “ನಮ್ಮ ಬೀಗರ ಹಂಗ.”

ಎಲ್ಲರೂ ನಕ್ಕರು. ಸಿಲ್ವರ್ ನೈಟ್ರೇಟಿನ ದ್ರಾವಣದಿಂದ ಗಾಜಿನೊಳಗೆ ಬೆಳ್ಳಿಯ ಕನ್ನಡಿ ಮೂಡಿಸಿ ತೋರಿಸಿದೆ: ಆಲ್ಡಿಹೈಡ್ ಮೂಡಿಸಿತು, ಅಸಿಟೋನ್ ಎಂಬ ಕೀಟೋನ್ ಮೂಡಿಸಲಿಲ್ಲ. ಭೀಮಶಾ ಅಸಿಟೋನಿನ ಶೀಷೆಯನ್ನು ಮೂಗಿನ ಬಳಿ ತಂದು, “ಇದರ ವಾಸನಿ ಸಿಹಿ ಅದ್ರಿ ಸಾಹೇಬ್ರ, ಹಣ್ಣಿನ ಗತೆ,” ಎಂದ. ಹೌದು, ಅದೇ ಗುರುತು ಎಂದೆ. ಇದು ನಡೆದದ್ದು 1990ರ ಮಳೆಗಾಲದಲ್ಲಿ. ತಾರೀಖು ಎಲ್ಲಿಯೂ ಸಿಗಲಿಲ್ಲ.

ಮುಂದಿನ ಮಾರ್ಚಿನ ಆ ಮಂಗಳವಾರ ನಾನು ಪ್ರಯೋಗಾಲಯ ತಲುಪಿದಾಗ ಭೀಮಶಾ ಬೆಂಚಿನ ಮೇಲೆ ಗೋಡೆಗೊರಗಿ ಕುಳಿತಿದ್ದ. ಮುಂಜಾನೆಯ ಪಾಳಿಯಲ್ಲಿ ಅವನು ಕೊಪ್ಪರಿಗೆಯ ಬಳಿ ತೂಕಡಿಸಿದ್ದ. ತಣ್ಣೀರು ಬಿಡುವುದು ತಡವಾಗಿ ಒಳಗಿನದು ಗಟ್ಟಿಯಾಗಿತ್ತು. ನಡೆಯುವಾಗ ತೂರಾಡುತ್ತಿದ್ದನಂತೆ. ಬಾಯಿಯಿಂದ ವಾಸನೆ.

“ನಾ ಕುಡದಿಲ್ರಿ ಸಾಹೇಬ್ರ,” ಎಂದ. “ನೀರಡಿಕಿ ಭಾಳ ಆಗಾಕತ್ಯಾದ. ಕೊಡಗಟ್ಟಲೆ ನೀರ ಕುಡೀಲಿಕತ್ತೀನಿ. ಕೈಕಾಲಾಗ ಜೀವನೇ ಇಲ್ಲ.”

“ನೀರ ಕುಡದ್ರ ಹಿಂಗ ವಾಸನಿ ಬರ್ತದೇನಲೇ?” ಎಂದರು ಪಾಟೀಲರು. “ನಮ್ಮ ಚಿಂಚೋಳಿ ಕಡಿ ಸೇಂದಿ ಕುಡ್ದೋನೂ ಇಷ್ಟ ಛಂದ ಸುಳ್ಳ ಹೇಳಂಗಿಲ್ಲ.” ನನ್ನ ಕಡೆ ತಿರುಗಿದರು. “ಚಿತ್ತಾಪುರ ದವಾಖಾನಿಗಿ ಕಳಸಿದ್ರ ಇಡೀ ದಿನ ಹೋಗ್ತದ. ನಿಮ್ಮಲ್ಲೇ ಪರೀಕ್ಷಾ ಆಗ್ಲಿ, ಆಚಾರ್ರ. ಒಂದು ಕಾಗದ ಕೊಡ್ರಿ, ಮುಗೀತು.”

ನಾನು ವೈದ್ಯನಲ್ಲ, ಆ ಕಾಗದ ಕೊಡುವ ಅಧಿಕಾರ ನನಗಿರಲಿಲ್ಲ. ಹಾಗೆ ಹೇಳಲಿಲ್ಲ. ನನ್ನ ವಿದ್ಯೆಗೆ ಸಿಕ್ಕ ಮನ್ನಣೆ ಎಂದೇ ತಿಳಿದೆ. ವಾಸನೆ ನೋಡಲು ನಾನೂ ಬಗ್ಗಿದೆ. ಸಿಹಿ ವಾಸನೆ, ಹಣ್ಣಿನ ಹಾಗೆ. ನನ್ನ ಮೇಜಿನ ಮೇಲಿನ ಶೀಷೆಯಲ್ಲಿ ಹತ್ತು ವರ್ಷ ಗುರುತು ಹಿಡಿದಿದ್ದ ವಾಸನೆಯನ್ನು ಆ ಬಾಯಿಯಲ್ಲಿ ಗುರುತಿಸಲಿಲ್ಲ. ನಮ್ಮದು ದೇವರ ಪೂಜೆ, ಪಾಠಪ್ರವಚನದ ಮನೆತನ. ಹೊಳೆಯ ದಂಡೆಯವರು ಕುಡಿಯುತ್ತಾರೆ ಎಂಬ ಮಾತು ಕೇಳುತ್ತಲೇ ಬೆಳೆದವನು ನಾನು. ಭೀಮಶಾ ಬಾಯಿ ತೆರೆಯುವ ಮೊದಲೇ ನನ್ನ ಮನಸ್ಸು ಅವನಿಗೆ ಸೇಂದಿ ಕುಡಿಸಿಬಿಟ್ಟಿತ್ತು. ಕೊರಳಿನ ತುಳಸಿಮಾಲೆ ಕಣ್ಣಿಗೆ ಬಿದ್ದಿತು. ಇವನು ದೇವರಿಗೂ ಮೋಸ ಮಾಡಿದನಲ್ಲ ಎಂದು ಕೋಪ ಬಂದದ್ದು ನೆನಪಿದೆ.

ಅವನ ಮೂತ್ರದ ಮಾದರಿಯನ್ನು ಕುದಿಸಿ, ಮೊದಲು ಇಳಿದ ಹನಿಗಳನ್ನು ಪ್ರನಾಳದಲ್ಲಿ ಹಿಡಿದೆ. ಅಯೊಡೀನ್, ನಂತರ ಕ್ಷಾರ. ಮದ್ಯಸಾರವಿದ್ದರೆ ಅಯೊಡೊಫಾರ್ಮ್ ಎಂಬ ಹಳದಿ ಪುಡಿ ತಳಕ್ಕಿಳಿಯುತ್ತದೆ. ದವಾಖಾನೆಯ ವಾಸನೆ ಬರುತ್ತದೆ. ಇದೇ ಹಳದಿ ಪುಡಿಯನ್ನು ಅಸಿಟೋನ್ ಕೂಡ ಕೊಡುತ್ತದೆ. ವ್ಯತ್ಯಾಸವಿದೆ: ಮದ್ಯಸಾರಕ್ಕೆ ತುಸು ಬಿಸಿ ಬೇಕು, ಅಸಿಟೋನ್ ತಣ್ಣಗಿದ್ದಾಗಲೇ ಕೊಡುತ್ತದೆ. ಬರ್ನರ್ ಹಚ್ಚುವ ಮೊದಲೇ ನನ್ನ ಪ್ರನಾಳ ಹಳದಿಯಾಯಿತು.

“ಎಷ್ಟ ಜಲ್ದಿ ಬಂತ್ರೀ!” ಎಂದರು ಪಾಟೀಲರು. “ಭಾಳ ಕುಡದಾನ ಮಗ.”

ನಾನು ತಲೆಯಾಡಿಸಿದೆ.

ಎರಡನ್ನೂ ಬೇರ್ಪಡಿಸಲು ಇನ್ನೊಂದು ಪರೀಕ್ಷೆ ಇದೆ. ನಾವು ಡಿ.ಎನ್.ಪಿ. ಎಂದು ಕರೆಯುತ್ತಿದ್ದ ಕಾರಕವನ್ನು ಎರಡು ಹನಿ ಹಾಕಬೇಕು. ಆಲ್ಡಿಹೈಡ್ ಅಥವಾ ಕೀಟೋನ್ ಇದ್ದರೆ ಕಿತ್ತಳೆ ಬಣ್ಣದ ಪುಡಿ ಇಳಿಯುತ್ತದೆ. ಬರೀ ಮದ್ಯಸಾರವಿದ್ದರೆ ಏನೂ ಆಗುವುದಿಲ್ಲ. ಶೀಷೆ ನನ್ನ ಕೈಗೆಟಕುವಲ್ಲೇ ಇತ್ತು. ಗಡಿಬಿಡಿಯಲ್ಲಿ ಆ ಪರೀಕ್ಷೆ ಮಾಡುವುದನ್ನು ಬಿಟ್ಟೆ. ಇದೇ ನನ್ನ ತಪ್ಪು ಎಂದು ಮೂವತ್ತು ವರ್ಷಗಳಿಗೂ ಮೀರಿ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆಸರುಗಳನ್ನು ಮರೆಸಿ ವಿದ್ಯಾರ್ಥಿಗಳಿಗೂ ಹೇಳಿದ್ದೇನೆ. ಮಾಡಬೇಕಾದ ಒಂದು ಪರೀಕ್ಷೆಯನ್ನು ಎಂದೂ ಬಿಡಬೇಡಿ ಎಂಬ ನೀತಿಯನ್ನೂ ಸೇರಿಸುತ್ತಿದ್ದೆ.

ಮಧ್ಯಾಹ್ನ ಹನ್ನೆರಡೂವರೆಗೆ ವರದಿ ಕೊಟ್ಟೆ: “ಮಾದರಿಯಲ್ಲಿ ಮದ್ಯಸಾರ ಇರುವುದು ದೃಢಪಟ್ಟಿದೆ.” ಒಂದು ಪ್ರತಿಯನ್ನು ಭೀಮಶಾನ ಕೈಗೂ ಕೊಟ್ಟರು. ಅವನಿಗೆ ಓದಲು ಬರುತ್ತಿತ್ತು. ಓದಿದ. ಗೋಡೆ ಹಿಡಿದುಕೊಂಡು ಹೊರಗೆ ಹೋದ.

ಒಂಬತ್ತು ದಿನಗಳ ನಂತರ ಅವನು ಪ್ರಜ್ಞೆ ತಪ್ಪಿ ಬಿದ್ದ. ಎತ್ತಿಕೊಂಡು ಚಿತ್ತಾಪುರದ ದವಾಖಾನೆಗೆ ಒಯ್ದರು. ನನ್ನ ನೆನಪಿನಲ್ಲಿ ಅದು ಏಪ್ರಿಲ್ ತಿಂಗಳು. ಮನೆಯವರ ಬಳಿ ಉಳಿದಿರುವ ಚೀಟಿಯಲ್ಲಿ ಮಾರ್ಚ್ 21 ಎಂದಿದೆ. ಚೀಟಿಯನ್ನು ಒಪ್ಪಿದ್ದೇನೆ. ನಮ್ಮ ಜೀಪಿನ ಚಾಲಕನಿಂದ ಸುದ್ದಿ ತಿಳಿದು ನಾನೂ ಹೋದೆ. ಅಲ್ಲಿನ ವೈದ್ಯರು ನನ್ನ ಕಸುಬು ಕೇಳಿಕೊಂಡು ಹೇಳಿದರು: “ನೀವು ಕೆಮಿಸ್ಟ್ರಿಯವ್ರು ಅಲ್ರಿ? ಬಾಗಲಾಗ ನಿಂತ್ರೇ ವಾಸನಿ ಬಡೀತದ. ಅಸಿಟೋನ್. ಸಕ್ಕರಿ ಕಾಯಿಲೆ ಏರಿ ಬಿಟ್ಟದ. ಇನ್ನೊಂದು ದಿನ ತಡ ಆಗಿದ್ರ ಉಳೀತಿರಲಿಲ್ಲ. ಯಾರೋ ಕುಡದಾನ ಅಂತ ಬರ್ದು ಕೊಟ್ಟಾರಂತ. ಯಾವ ಪುಣ್ಯಾತ್ಮನೋ!”

ನಾನೇ ಎಂದು ಹೇಳಲಿಲ್ಲ. ಇನ್ಸುಲಿನ್ ಇಲ್ಲದ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಒಡೆಯುತ್ತದೆ. ಆಗ ರಕ್ತದಲ್ಲಿ ಕೀಟೋನುಗಳು ತುಂಬುತ್ತವೆ. ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಈ ಬಗ್ಗೆ ಒಂದು ಪ್ಯಾರಾ ಇದೆ.

ಭೀಮಶಾ ಉಳಿದ. ಆದರೆ ಅವನ ಕೆಲಸಕ್ಕೆ ಬೇರೆಯವನು ಬಂದಿದ್ದ. ಸೂಜಿ ಚುಚ್ಚಿಕೊಳ್ಳುವವನಿಗೆ ಕೊಪ್ಪರಿಗೆ ಕೊಡಲಾಗದು ಎಂದರು ಪಾಟೀಲರು. ಅವನು ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ತಿಕ್ಕುವ ಶೆಡ್ಡಿಗೆ ಸೇರಿದ. ಅಲ್ಲಿಂದ ಮೂರು ಸಲ, ಮೂರೂ ಭಾನುವಾರ, ಸೇಡಂಗೆ ನನ್ನ ಮನೆಗೆ ಬಂದ. ಒಳಗೆ ಕರೆದರೂ ಕಟ್ಟೆಯ ಮೇಲೆ ಕುಳಿತ. ಕೆಲಸ ಕೇಳಲಿಲ್ಲ.

“ನೌಕರಿ ಹೋಗ್ಲಿ ಬಿಡ್ರಿ ಸಾಹೇಬ್ರ,” ಎಂದ ಮೊದಲ ಸಲ. “ಊರಾಗ ನನ್ನ ಮಾಲಿ ತಗಸ್ಯಾರ. ಭಜನಿಗಿ ತಾಳ ಕೊಡವಲ್ರು. ಮೊದಲಿನ ಕಾಗದ ತಪ್ಪಂತ ಎಡ್ಡ ಸಾಲ ಬರದ್ ಕೊಡ್ರಿ. ಹಿರೇರಿಗಿ ತೋರಸ್ತೀನಿ.”

“ದವಾಖಾನಿ ಚೀಟಿ ತೋರಸ್ಲಿಲ್ಲೇನು?”

“ತೋರಸ್ದೆ. ‘ಸಕ್ಕರಿನೂ ಅದ, ಸೆರೆನೂ ಕುಡದಾನ’ ಅಂತಾರ. ನಿಮ್ಮ ಕಾಗದಾನೇ ದೊಡ್ಡದ್ರಿ ಅವರಿಗಿ.”

ಬರೆಯುತ್ತೇನೆ ಎಂದೆ. ಪಾಟೀಲರನ್ನು ಕೇಳಿದಾಗ ಅವರು, “ಒಂದು ವರದಿ ತಪ್ಪಂತ ನೀವೇ ಬರದ್ ಕೊಟ್ರ, ನಿಮ್ಮ ಉಳಿದ ವರದಿ ಯಾರು ನಂಬ್ತಾರ? ಡಾಕ್ಟರೇಟ್ ಬ್ಯಾರೆ ತಗೊಳ್ಳಾಕತ್ತೀರಿ,” ಎಂದರು. ಅವರ ಒತ್ತಡದಿಂದ ಬರೆಯಲಿಲ್ಲ ಎಂದು ಹೇಳಿಕೊಳ್ಳಬಹುದು, ಅದು ನಿಜವಲ್ಲ. ಕೀಟೋನುಗಳ ಮೇಲೆ ಪ್ರಬಂಧ ಬರೆದವನು ಕೀಟೋನನ್ನೇ ಗುರುತಿಸಲಿಲ್ಲ ಎಂಬ ಮಾತು ನನ್ನ ಕೈಬರಹದಲ್ಲಿ ಉಳಿಯುವುದು ನನಗೇ ಬೇಡವಾಗಿತ್ತು. ಎರಡನೆಯ ಸಲವೂ ಬರೆಯುತ್ತೇನೆ ಎಂದೆ. ಮೂರನೆಯ ಸಲ ಭೀಮಶಾ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು, ನೀರು ಕುಡಿದು, ಕಾಗದದ ಮಾತನ್ನೇ ಎತ್ತದೆ ಎದ್ದು ಹೋದ. ಮತ್ತೆ ಬರಲಿಲ್ಲ. 2002ರಲ್ಲಿ ತೀರಿಕೊಂಡ. ಡಾಕ್ಟರೇಟು ನನಗೆ ಅದಕ್ಕೂ ಬಹಳ ಮೊದಲೇ ಬಂದಿತ್ತು.

ನಿವೃತ್ತಿಯ ನಂತರ ಈ ಅನುಭವಗಳನ್ನು ಬರೆಯಲು ಕುಳಿತಾಗ, ಭೀಮಶಾನ ಹೆಂಡತಿಗೆ ಆ ಎರಡು ಸಾಲು ಕೊಡದೆ ಇದನ್ನು ಅಚ್ಚು ಹಾಕಿಸಬಾರದು ಎನಿಸಿತು. ಈ ವರ್ಷದ ಸಂಕ್ರಾಂತಿ ಕಳೆದ ಮೇಲೆ ಅವರ ಊರಿಗೆ ಹೋದೆ. ನಿಂಗಮ್ಮನಿಗೆ ಎಪ್ಪತ್ತು ಸಮೀಪಿಸಿದೆ. ನನ್ನ ಗುರುತು ಹತ್ತಲಿಲ್ಲ. ಹೇಳಿದೆ.

“ಆ ಕಾಗದದವ್ರೇನ್ರಿ?” ಎಂದಳು. ಮತ್ತೆ, “ಕುಂದ್ರಿ,” ಎಂದಳು.

ಬಂದ ಕಾರಣವನ್ನು ಹೇಳಿದೆ.

“ಅವರಿಗಿ ಬೇಕಾಗಿತ್ತು. ಅವರೇ ಇಲ್ಲ,” ಎಂದಳು. “ಖರೇ ಯಪ್ಪಾ, ನನಗೂ ಒಂದು ಬೇಕಾಗ್ಯಾದ. ಆ ಒಂಬತ್ ದಿನ ನಾ ಅವರ ಜೋಡಿ ಮಾತಾಡಲಿಲ್ರಿ. ಬಾಯಿ ವಾಸನಿ ಬರ್ತಿತ್ತು, ಕೈಯಾಗ ನಿಮ್ಮ ಕಾಗದ ಇತ್ತು. ಗಂಡ ಸುಳ್ಳ ಹೇಳ್ಯಾನ, ಕಾಗದ ಯಾಕ ಹೇಳ್ತದ ಅಂದೆ. ನೀರ ಕೇಳಿದ್ರ ಕೊಡ ತೋರಸ್ತಿದ್ದೆ, ನೀನೇ ತಗೋ ಅಂತ. ಏಳಾಕ ತಾಕತ್ ಇರಲಿಲ್ರಿ ಅವರಿಗಿ. ತೆವಳಕೊಂಡು ಹೋಗ್ತಿದ್ರು.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಾ ಕೆಟ್ಟಾಕಿ ಅಲ್ಲ, ಕಾಗದ ಸುಳ್ಳ ಇತ್ತು ಅಂತ ಬರೀರಿ. ಮಕ್ಕಳು ಓದ್ಲಿ.”

ಬರೆಯುತ್ತೇನೆ ಎಂದೆ. ಈ ಮಾತನ್ನು ಈ ಮನೆಯವರಿಗೆ ಮೂರನೆಯ ಸಲ ಹೇಳುತ್ತಿದ್ದೆ.

ನಾನು ಎದ್ದಾಗ ಅವಳು ಕೇಳಿದಳು: “ಒಂದ್ ಮಾತ್ರಿ. ಅವತ್ತ ಗೊತ್ತಿದ್ದು ಬರದ್ರ್ಯೋ, ಗೊತ್ತಿಲ್ಲದ ಬರದ್ರ್ಯೋ?”

“ಗೊತ್ತಿಲ್ಲದ, ತಾಯಿ. ಒಂದು ಪರೀಕ್ಷೆ ಮಾಡೋದು ಬಿಟ್ಟಿದ್ದೆ.”

“ಹಂಗಾದ್ರ ಹೋಗ್ಲಿ ಬಿಡ್ರಿ,” ಎಂದಳು. “ಗೊತ್ತಿಲ್ಲದ ನಾನೂ ಮಾಡೀನಿ, ನೀವೂ ಮಾಡೀರಿ.”

ನನ್ನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಕ್ಷಮಿಸಿದ ಆ ಮಾತಿನ ಮೇಲೆಯೇ ಈ ಬರಹವನ್ನು ಮುಗಿಸಿದ್ದೆ. ಮುದ್ರಣಕ್ಕೆ ಕಳಿಸುವ ಮೊದಲು, ವರದಿ ಕೊಟ್ಟ ವೇಳೆಯನ್ನು ಖಚಿತಪಡಿಸಿಕೊಳ್ಳಲು ಶಹಾಬಾದಕ್ಕೆ ಹೋಗಿ ಗಫೂರಸಾಬರನ್ನು ಕಂಡೆ. ಕಿವಿ ಮಂದವಾಗಿದೆ, ನೆನಪು ಚೆನ್ನಾಗಿದೆ.

“ಟೈಮ್ ಯಾಕ ಕೇಳ್ತೀರಿ ಸಾಬ್, ಬುಕ್ಕೇ ಅದ,” ಎಂದು ಟ್ರಂಕಿನಿಂದ ಪ್ರಯೋಗಾಲಯದ ದೈನಿಕ ದಾಖಲೆ ಪುಸ್ತಕ ತೆಗೆದರು. “ಕಾರ್ಖಾನಿ ಬಂದ್ ಆದಾಗ ರದ್ದಿಗಿ ಹಾಕು ಅಂದ್ರು. ನಾ ಹಾಕ್ಲಿಲ್ಲ.”

“ಯಾಕ್ರಿ?”

ಗಫೂರಸಾಬ ಬೆನ್ನು ತಿರುಗಿಸಿ ನಿಂತರು. ಈ ಸಲ ನಗುತ್ತಿರಲಿಲ್ಲ.

ಪುಸ್ತಕದ ಸಂಬಂಧಿತ ಪುಟವನ್ನು ಇದ್ದ ಹಾಗೆ ಇಲ್ಲಿ ದಾಖಲಿಸುತ್ತೇನೆ. ಮೇಲೆ ಬರೆದ ನೆನಪನ್ನು ತಿದ್ದಿಲ್ಲ. ದಿನಾಂಕ 12-3-91. ವೇಳೆ 11.10: “ಅಯೊಡೊಫಾರ್ಮ್ ಪರೀಕ್ಷೆ: ಹಳದಿ, ತಣ್ಣಗಿದ್ದಾಗಲೇ.” ವೇಳೆ 11.25: “ಡಿ.ಎನ್.ಪಿ. ಪರೀಕ್ಷೆ: ಕಿತ್ತಳೆ, ಕೂಡಲೇ. ಕೀಟೋನ್?” ಎರಡೂ ನಮೂದು ನನ್ನ ಕೈಬರಹ. ದಾಖಲೆ ಪುಸ್ತಕದಲ್ಲಿ ತಪ್ಪಾದ ನಮೂದನ್ನು ಅಳಿಸುವಂತಿಲ್ಲ. ಕೆಳಗಿನ ಅಕ್ಷರ ಓದಲು ಬರುವ ಹಾಗೆ ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ ಸಹಿ ಮತ್ತು ವೇಳೆ ಹಾಕಬೇಕು. ಎರಡನೆಯ ನಮೂದಿನ ಮೇಲೆ ಅಂಥ ಒಂದು ಗೆರೆ ಇದೆ. ಪಕ್ಕದಲ್ಲಿ ನನ್ನ ಸಹಿ, ವೇಳೆ 12.20. ಗೆರೆ ಎಲ್ಲಿಯೂ ನಡುಗಿಲ್ಲ. ಅಳತೆಪಟ್ಟಿ ಇಟ್ಟು ಎಳೆದದ್ದು.